ಹೊಳೆಗೆ ಹೋದವರ ಅಂಗಿ ಕಾಯುವ ಯಶೋಧರಾ

ಬೆಳಗಿನ ಆರು ಗಂಟೆ. ತಿ. ನರಸೀಪುರದ ಹೊಳೆದಂಡೆಯ ಕಲ್ಲಿನ ಮೇಲೆ ಒಂದು ಅಂಗಿ ಹರಡಿದೆ. ಯಶೋಧರಾ ಒದ್ದೆ ಬಟ್ಟೆಯ ತುದಿಯಿಂದ ಅದರ ಕಾಲರಿನೊಳಗಿನ ಕೆಸರು ಒರೆಸುತ್ತಿದ್ದಾರೆ. ಪಕ್ಕದಲ್ಲಿ ಮಹಜರು ಮುಗಿಸಿದ ಪೊಲೀಸರು. ಸ್ವಲ್ಪ ದೂರದಲ್ಲಿ ಯಶೋಧರಾ ಅವರ ಅಪ್ಪ ಚಾಮಯ್ಯ ಮೈ ಒರೆಸಿಕೊಳ್ಳುತ್ತಿದ್ದಾರೆ. ಕೆಸರು ಹೋದ ಮೇಲೆ ಟೈಲರ್ ಹೊಲಿದ ಚೀಟಿ ಕಾಣುತ್ತದೆ. ಯಶೋಧರಾ ಅದರ ಫೋಟೋ ತೆಗೆದು, ಅಂಗಿಯನ್ನು ಮಡಚಿ ಪೊಲೀಸರ ಕೈಗೆ ಕೊಡುತ್ತಾರೆ.

ಚಾಮಯ್ಯ ಮೂವತ್ತು ವರ್ಷದಿಂದ ಹೊಳೆಗಿಳಿದು ಹೆಣ ತೆಗೆಯುತ್ತಾರೆ. ನಂಜನಗೂಡಿನ ಕಡೆ ಕಪಿಲೆಗೆ ಬಿದ್ದವರು ಕೆಲವೊಮ್ಮೆ ಇಲ್ಲಿ, ಸಂಗಮದ ಹತ್ತಿರ ಸಿಗುತ್ತಾರೆ. ಹುಡುಕುವ ಮನೆಯವರಿಗೆ ಅದು ತಿಳಿದಿರುವುದಿಲ್ಲ. "ಯಾವ ಬಣ್ಣದ ಅಂಗಿ ಅಂತ ಅಪ್ಪನ್ನ ಬಂದು ಕೇಳೋರು. ಹೊಳೆ ಒಳಗೆ ಬಣ್ಣ ಎಲ್ಲಿ ಕಾಣ್ತದೆ ಅನ್ನೋರು ಅಪ್ಪ," ಎನ್ನುತ್ತಾರೆ ಯಶೋಧರಾ. ಬಸ್ ನಿಲ್ದಾಣದ ಬಳಿ ಜೆರಾಕ್ಸ್ ಅಂಗಡಿ ಇಟ್ಟಿರುವ ಅವರು ಆರು ವರ್ಷದ ಹಿಂದೆ ಒಂದು ವೆಬ್‌ಸೈಟ್ ಮಾಡಿದರು. ಅದರಲ್ಲಿ ಮುಖ ಇರುವುದಿಲ್ಲ. ಅಂಗಿ, ಸೀರೆಯಂಚು, ಹಚ್ಚೆ, ಉಡಿದಾರ, ಸಿಕ್ಕ ದಿನ, ಇಷ್ಟೇ. ದಿನಕ್ಕೆ ನಲವತ್ತು ಐವತ್ತು ಜನ ತೆರೆದು ನೋಡುತ್ತಾರೆ. ಕಳೆದ ವರ್ಷ ಇಪ್ಪತ್ತಮೂರು ಮಂದಿಯ ಗುರುತು ಹಾಕಿದ್ದರು. ಒಂಬತ್ತು ಮಂದಿಯನ್ನು ಮನೆಯವರು ಗುರುತಿಸಿ ಕರೆದೊಯ್ದರು.

ಮೊದಲು ಹೊರಗಿನ ಒಂದು ಕಂಪನಿಯ ಸರ್ವರ್‌ನಲ್ಲಿ ಜಾಗ ಬಾಡಿಗೆಗೆ ಪಡೆದಿದ್ದರು. ಹೆಣದ ವಿಷಯವೆಂದು ಯಾರೋ ದೂರಿದರು. ಕಂಪನಿ ಒಂದು ಮಾತೂ ಕೇಳದೆ ಮುಚ್ಚಿತು. ಆಮೇಲೆ ಅಂಗಡಿಯ ಹಳೆಯ ಕಂಪ್ಯೂಟರನ್ನೇ ಸರ್ವರ್ ಮಾಡಿಕೊಂಡರು. ಕರೆಂಟಿನ ಭಯಕ್ಕೆ ಯುಪಿಎಸ್ ಇಟ್ಟರು. ಡಿಸ್ಕಿನ ಬಗ್ಗೆ ಯೋಚಿಸಲಿಲ್ಲ. ಎಲ್ಲ ಫೋಟೋ ಒಂದೇ ಡಿಸ್ಕಿನಲ್ಲಿತ್ತು. ಮಗಳು ಫೋನ್ ಮುಟ್ಟುತ್ತಾಳೆಂದು ಫೋನಿನಲ್ಲಿದ್ದವನ್ನು ತಾವೇ ಅಳಿಸುತ್ತಿದ್ದರು. ಮಾರ್ಚ್‌ನಲ್ಲಿ ಡಿಸ್ಕ್ ಕಟಕಟ ಸದ್ದು ಮಾಡಿ ನಿಂತಿತು. ಗುರುತಾಗದೆ ಮಣ್ಣು ಸೇರಿದ್ದ ನಲವತ್ತೊಂದು ಮಂದಿಯ ಫೋಟೋ ಹೋಯಿತು. ಪೊಲೀಸರ ಬಳಿಯಿದ್ದ ಅವರ ಬಟ್ಟೆಗಳೂ ಅಷ್ಟರಲ್ಲಿ ಉಳಿದಿರಲಿಲ್ಲ.

ಅದಾಗಿ ಎಂಟು ದಿನಕ್ಕೆ ದೇವನೂರಿನ ಶಿವನಂಜಮ್ಮ ಬಂದರು. ಗಂಡ ಮನೆಯಿಂದ ಹೋಗಿ ಐದು ತಿಂಗಳಾಗಿತ್ತು. ನೀಲಿ ಚೌಕಳಿ ಅಂಗಿ, ಜೇಬಿನ ಮೇಲೆ ತಾವೇ ಹಾಕಿದ ತೇಪೆ ಎಂದರು. "ನೀಲಿ ಚೌಕಳಿ ಒಂದು ಇತ್ತು. ತೇಪೆ ಇತ್ತಾ ಇಲ್ವಾ ಗೊತ್ತಾಗ್ತಿಲ್ಲ. ಬರೀ ನೆನಪಿಂದ ಒಬ್ಬರ ತಾಳಿ ಬಿಚ್ಚಿಸೋಕೆ ಆಗಲ್ಲ ಕಣ್ರೀ," ಎನ್ನುತ್ತಾರೆ ಯಶೋಧರಾ.

ಈ ತಿಂಗಳು ಹೊಸ ಸರ್ವರ್ ಆರಿಸಲು ಮೈಸೂರಿಗೆ ಹೋದರು. ಅಲ್ಲಿನ ಕಂಪ್ಯೂಟರ್ ಅಂಗಡಿಯ ಪ್ರೇಮ್‌ಕುಮಾರ್ ಬಣ್ಣದ ದೀಪ ಮಿನುಗುವ ಕಂಪ್ಯೂಟರ್ ತೋರಿಸಿದರು.

"ಇದು ಭಾರಿ ಫಾಸ್ಟು ಮೇಡಂ."

"ಫಾಸ್ಟ್ ಬೇಡ ಸಾ. ವರ್ಷವೆಲ್ಲ ಆಫ್ ಮಾಡದೆ ನಡೀಬೇಕು."

"ಏನು ವ್ಯಾಪಾರ ನಿಮ್ಮದು?"

"ಬಟ್ಟೆ ಫೋಟೋ ಹಾಕ್ತೀವಿ."

"ಬೊಟಿಕ್ಕಾ? ಹಂಗಾರೆ ನಮ್ಮ ಮನೆಯವರಿಗೂ ಲಿಂಕ್ ಕಳಿಸಿ."

ಯಶೋಧರಾ ಮುಂದಿನ ಪೆಟ್ಟಿಗೆಯ ಕಡೆ ನಡೆದರು.

ಅವರು ಆರಿಸಿದ್ದು ಸಣ್ಣ ಕಚೇರಿಗಳಿಗೆಂದು ಮಾಡಿದ, ದೀಪ ಗೀಪ ಇಲ್ಲದ, ಸರ್ವರ್‌ಗಳಲ್ಲೇ ಸಣ್ಣದು. ಅದು ಪ್ರತಿ ಫೋಟೋವನ್ನೂ ಎರಡು ಡಿಸ್ಕಿನಲ್ಲಿ ಒಟ್ಟಿಗೆ ಬರೆಯುತ್ತದೆ. ಅದರ ಮೆಮೊರಿ ತನ್ನ ಸಣ್ಣಪುಟ್ಟ ತಪ್ಪನ್ನು ತಾನೇ ಹಿಡಿಯುತ್ತದೆ. ಪರೀಕ್ಷಿಸಲೆಂದು, ಅದು ನಡೆಯುತ್ತಿರುವಾಗಲೇ ಯಶೋಧರಾ ಒಂದು ಡಿಸ್ಕನ್ನು ಎಳೆದು ಕೈಗೆ ತೆಗೆದುಕೊಂಡರು. ಪ್ರೇಮ್‌ಕುಮಾರ್ ಕುರ್ಚಿಯಿಂದ ಎದ್ದುಬಿಟ್ಟರು. ಪರದೆಯ ಮೇಲಿನ ಚಿತ್ರ ಅಲುಗಲಿಲ್ಲ. "ಇದನ್ನ ಕಟ್ಟಿಕೊಡಿ," ಎಂದರು ಯಶೋಧರಾ. ಈಗ ವಾರಕ್ಕೊಮ್ಮೆ ಇನ್ನೊಂದು ಪ್ರತಿಯನ್ನೂ ತೆಗೆದು ಮನೆಯ ಟ್ರಂಕಿನಲ್ಲಿ ಇಡುತ್ತಾರೆ.

ಸರ್ವರ್ ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಸಣ್ಣಗೆ ಗುಂಯ್‌ಗುಡುತ್ತಿದೆ. ಹೊಸ ಪುಟದಲ್ಲಿ ಸದ್ಯಕ್ಕೆ ಇರುವುದು ನಾಲ್ಕೇ ಫೋಟೋ. ಶಿವನಂಜಮ್ಮ ಎಲ್ಲ ಸೋಮವಾರದಂತೆ ಇಂದೂ ಬಂದು ಬೆಂಚಿನ ಮೇಲೆ ಕೂತಿದ್ದಾರೆ. ಬಹಳ ಹೊತ್ತು ಮೂಲೆಯನ್ನೇ ನೋಡುತ್ತಾರೆ.

"ಇದು ಒಸದು ಅಲ್ವಾ ಕೂಸೇ?"

"ಹೂಂ ಅಮ್ಮ."

"ಫೋಟೋವ ಎರಡೆರಡು ಕಡೆ ಮಡಿಕತದೆ ಅಂದ್ಯಲ್ಲ."

ಯಶೋಧರಾ ತಲೆಯಾಡಿಸುತ್ತಾರೆ. ಅಂಗಡಿಯ ಬಾಗಿಲಲ್ಲಿ ಕೂತಿದ್ದ ಚಾಮಯ್ಯ ರಸ್ತೆಯ ಕಡೆ ತಿರುಗಿ ಕೂರುತ್ತಾರೆ.

"ಅಂಗಾರೆ ಇದರಲ್ಲಿ ನೋಡು. ನಮ್ಮೋರ ಅಂಗಿ ಒಂದ್ಸಲ ತೋರ್ಸು."