ಮಂಜಿನಲ್ಲಿ ಕೂಗಲು ಕಲಿಸಿದ ರಾವತ್ ಸರ್

ಇವತ್ತು ಬೆಳಿಗ್ಗೆ ನೋಯ್ಡಾದ ನಮ್ಮ ಬಾಲ್ಕನಿಯ ಬಾಗಿಲು ತೆಗೆದರೆ ಎದುರಿನ ಕಟ್ಟಡವೇ ಇಲ್ಲ. ಬರೀ ಮಂಜು, ಜೊತೆಗೆ ಒಣಗಿದ ಎಲೆ ಸುಟ್ಟ ವಾಸನೆ. ಆ ವಾಸನೆ ನನ್ನನ್ನು ನಾನು ಓದಿದ ವಸಂತ್ ಕುಂಜ್‌ನ ಶಾಲೆಯ ಮೈದಾನಕ್ಕೆ ಎಳೆದುಕೊಂಡು ಹೋಯಿತು.

ಅಪ್ಪನಿಗೆ ವರ್ಗವಾಗಿ ಮೈಸೂರಿನಿಂದ ಬಂದ ಹೊಸತು. ಹಿಂದಿ ಸರಿಯಾಗಿ ಬಾರದೆ, ಯಾರಾದರೂ ನಕ್ಕಾರೆಂದು ನಾನು ತರಗತಿಯಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ. ಗಣಿತ ಕಲಿಸುತ್ತಿದ್ದ ರಾವತ್ ಸರ್ ನನ್ನನ್ನು ಫುಟ್‌ಬಾಲ್ ತಂಡಕ್ಕೆ ಸೇರಿಸಿಕೊಂಡರು. ಕುತ್ತಿಗೆಗೆ ಮಫ್ಲರ್, ಬೆರಳಿಗೆ ಚಾಕ್‌ಪುಡಿ. ಮಂಜು ದಟ್ಟವಾದಷ್ಟೂ ಅವರಿಗೆ ಖುಷಿ. ಯಾರಿಗೂ ಯಾರೂ ಕಾಣದಾಗ, ಕೂಗಿದವರಿಗೆ ಮಾತ್ರ ಪಾಸ್ ಎಂಬುದು ಅವರ ನಿಯಮ. ನಾನು ಕೂಗುತ್ತಿರಲಿಲ್ಲ. ಚೆಂಡು ನನ್ನ ಕಾಲಿಗೆ ತಾಗುತ್ತಲೂ ಇರಲಿಲ್ಲ.

ಒಂದು ದಿನ ಸಿಟ್ಟು ನೆತ್ತಿಗೇರಿ, “ಇಲ್ಲಿ! ನಾನು ಇಲ್ಲಿದ್ದೀನಿ!” ಎಂದು ಕನ್ನಡದಲ್ಲೇ ಕಿರುಚಿಬಿಟ್ಟೆ. ಮಂಜಿನೊಳಗಿಂದ ಚೆಂಡು ಉರುಳುತ್ತ ಬಂದು ನನ್ನ ಶೂ ಮುಂದೆ ನಿಂತಿತು.

ಸರ್ ಸೀಟಿ ಊದಿ ಎಲ್ಲರನ್ನೂ ಕರೆದರು. ಈಗ ನಗುತ್ತಾರೆ ಅಂದುಕೊಂಡೆ.

“ಅಚ್ಛಾ ಬೇಟಾ, ‘ಇಲ್ಲಿ’ ಮತಲಬ್?” ಎಂದು ಅರ್ಥ ಕೇಳಿದರು.

“ಯಹಾಂ, ಸರ್.”

“ಚಲೋ, ಆಜ್ ಸೇ ಸಬ್ ‘ಇಲ್ಲಿ’ ಬೋಲೇಂಗೇ!”

ಅಂದಿನಿಂದ ತಂಡವೆಲ್ಲ ಪಾಸ್‌ಗಾಗಿ ‘ಇಲ್ಲಿ’ ಎಂದೇ ಕೂಗತೊಡಗಿತು. ಎದುರಾಳಿಗಳು ಕಕ್ಕಾಬಿಕ್ಕಿ. ತರಗತಿಯಲ್ಲೂ ನನ್ನ ಬಾಯಿ ಬಿಚ್ಚಿತು.

ಸರ್ ಈಗಿಲ್ಲ. ನಮ್ಮ ಗೋಲ್‌ಕೀಪರ್ ಆಗಿದ್ದ ಗುರ್‌ಪ್ರೀತ್ ಈಗ ನಮ್ಮ ಸೊಸೈಟಿಯ ಮಕ್ಕಳಿಗೆ ಕೋಚ್. ಬಾಲ್ಕನಿಯಿಂದ ಬಗ್ಗಿ ನೋಡಿದೆ, ಪಾರ್ಕ್ ಕಾಣಿಸಲಿಲ್ಲ. ಕನ್ನಡದ ಗಂಧವೇ ಇಲ್ಲದ ಎಳೆಯ ದನಿಯೊಂದು ಮಾತ್ರ ಮಂಜನ್ನು ಸೀಳಿಕೊಂಡು ಮೇಲೆ ಬಂತು:

“ಇಲ್ಲಿ! ಇಲ್ಲಿ!”