ಚಂಪಕ್ಕನ ಬಲಗೈ, ನನ್ನ ಬೊಗಸೆ

ಕೆಲವು ತಿಂಗಳಿಂದ ದಿನಾ ಬೆಳಿಗ್ಗೆ ಚಹಾ ಆದಮೇಲೆ ಪಕ್ಕದ ಮನೆಯ ಅಡುಗೆಮನೆಗೆ ಹೋಗಿ ಬೊಗಸೆ ಒಡ್ಡಿ ನಿಲ್ಲುತ್ತೇನೆ. (ಕಾನ್ವೆಂಟಿನಲ್ಲಿ ಅಂಗೈ ಒಡ್ಡಿದ್ದು ಸ್ಕೇಲಿನ ಏಟಿಗೆ ಮಾತ್ರ. ಈ ವಯಸ್ಸಿನಲ್ಲಿ ಪ್ರಮೋಷನ್ ಸಿಕ್ಕಿದೆ.)

ಎದುರಿಗೆ ಚಂಪಕ್ಕ. ಬನಹಟ್ಟಿಯಲ್ಲಿ ನಮ್ಮಿಬ್ಬರದೂ ಗೋಡೆಗೆ ಗೋಡೆ ಹತ್ತಿದ ಮನೆ. ಹೋದ ವರ್ಷ ಅವಳಿಗೆ ಸ್ಟ್ರೋಕ್ ಆಯಿತು. ಮಾತು ಮರಳಿತು, ಕಾಲೂ ಹೇಗೋ ದಾರಿಗೆ ಬಂತು. ಬಲಗೈ ಮಾತ್ರ ಮುಷ್ಟಿ ಕಟ್ಟಿಕೊಂಡು ಉಳಿದುಬಿಟ್ಟಿತು.

ಮನೆಯವರು ಒಳ್ಳೆಯವರು. ಟೂ ಗುಡ್. ಅವಳು ಏಳಲು ಹೋದರೆ ಸಾಕು, "ನೀ ಕುಂದ್ರ ಬೇ ಅವ್ವಾ, ನಾವ್ ಮಾಡ್ತೀವಿ" ಎಂದು ಮಗ ಅಜಿತ ಓಡಿ ಬರುತ್ತಿದ್ದ. ಸೊಸೆ ತಲೆ ಬಾಚಿದಳು, ತುತ್ತು ಮಾಡಿ ಉಣಿಸಿದಳು. ಚಂಪಕ್ಕ ಕೂತಳು. ಕೂತೇ ಇದ್ದಳು.

ಒಂದು ದಿನ ನನ್ನ ಸೆರಗು ಜಗ್ಗಿ ಮೆಲ್ಲಗೆ ಅಂದಳು: "ಲೀಲಾ, ಈ ಮಳಿಗಾಲ ಮುನಿಗೋಳು ನಮ್ಮೂರಾಗ ಇರ್ತಾರಂತ. ನಾ ಆಹಾರ ಹೆಂಗ ಕೊಡ್ಲಿ?"

ಚಂಪಕ್ಕ ಜೈನಳು. ದಿಗಂಬರ ಮುನಿಗಳು ಉಣ್ಣುವುದು ದಿನಕ್ಕೊಮ್ಮೆ, ನಿಂತುಕೊಂಡೇ. ಬೊಗಸೆಯೇ ತಟ್ಟೆ. ಗೃಹಸ್ಥರು ಅದರಲ್ಲಿ ತುತ್ತು ಇಡಬೇಕು. ತುತ್ತು ಕೆಳಗೆ ಬಿದ್ದರೆ ಅಂತರಾಯ; ಅಲ್ಲಿಗೆ ಊಟ ನಿಂತಿತು, ಮರುದಿನದವರೆಗೆ ಉಪವಾಸ.

"ನನ್ನ ಕೈಲೆ ಅವರು ಉಪಾಸ ಬಿದ್ರ, ನಾ ಯಾವ ಬಾಯಿಲೆ ಉಣ್ಣಲಿ?"

ನರ್ಸ್ ಆಗಿರುವ ನನ್ನ ತಂಗಿಯ ಮಗಳು ಫೋನಿನಲ್ಲಿ, "ಪಿಎಂಆರ್ ಡಾಕ್ಟರ್‌ಗೆ ತೋರಿಸ್ರಿ ಮೌಶಿ" ಎಂದಳು. ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಷನ್. ಹೋದ ಕೈಕಾಲನ್ನು ಮತ್ತೆ ಕೆಲಸಕ್ಕೆ ಹಚ್ಚುವವರಂತೆ. ಇಷ್ಟು ವರ್ಷ ಇಂಗ್ಲಿಷ್ ಓದಿದ ನಾನೇ ಇಂಥವರಿದ್ದಾರೆಂದು ಕೇಳಿರಲಿಲ್ಲ!

ಸರಿ, ಮೊಬೈಲಿನಲ್ಲಿ 'ರಿಹ್ಯಾಬ್' ಎಂದು ಹುಡುಕಿದೆ. ಜಮಖಂಡಿಯ ಒಂದು ಜಿಮ್, ಮುಧೋಳದ ಒಬ್ಬ ಎಲುಬಿನ ಡಾಕ್ಟರು, ಆಮೇಲೆ ಒಂದು ಕುಡಿತ ಬಿಡಿಸುವ ಕೇಂದ್ರ. (ಚಂಪಕ್ಕ ಚಹಾ ಕೂಡ ಕುಡಿಯುವವಳಲ್ಲ.) ಓಣಿಯಲ್ಲಿ ಕೇಳಿದರೆ ಮನೆಗೊಂದು ಎಣ್ಣೆ ಹೇಳಿದರು. ಬೀಳಗಿಯ ಬೀಗರು ಹೇಳಿದ ಎಣ್ಣೆಯ ವಾಸನೆಗೆ ಬೆಕ್ಕು ಮನೆ ಬಿಟ್ಟಿತು. ಕೊನೆಗೆ ಔಷಧಿ ಅಂಗಡಿಯವರು, "ಜಮಖಂಡಿಗೆ ಶನಿವಾರಕ್ಕೊಮ್ಮೆ ಬೆಳಗಾವಿಯಿಂದ ಒಬ್ಬರು ಡಾಕ್ಟರ್ ಬಾಯಾರು ಬರ್ತಾರ್ರಿ, ನೀವ್ ಹೇಳೂದು ಅವರ ಇರಬೇಕು" ಎಂದರು.

ಅವರೇ ಆಗಿದ್ದರು. ಸಣ್ಣ ವಯಸ್ಸಿನ ಹೆಣ್ಣುಮಗಳು. ಕೈಯನ್ನು ತಿರುಗಿಸಿ, ಬಿಡಿಸಿ ನೋಡಿದರು. ಆಮೇಲೆ ಕೇಳಿದರು: "ಅವ್ವಾರ, ಈ ಕೈಲೆ ಏನ್ ಮಾಡಬೇಕಂತೀರಿ?"

ಅಜಿತ ತಕ್ಷಣ, "ಏನೂ ಮಾಡೂದು ಬ್ಯಾಡ್ರಿ. ಮನ್ಯಾಗ ನಾವೆಲ್ಲಾರೂ ಅದೀವಲ್ರಿ" ಎಂದ.

"ನಿಮ್ಮನ್ನ ಕೇಳಿಲ್ರಿ."

ಚಂಪಕ್ಕ ನೆಲ ನೋಡಿದಳು. ಆಮೇಲೆ ಡಾಕ್ಟರನ್ನು. "ಒಂದ ತುತ್ತ್ರಿ. ಇನ್ನೊಬ್ರ ಬೊಗಸ್ಯಾಗ ಇಡಬೇಕು. ಬೀಳಲಾರದಂಗ."

ಬಿಗಿತಕ್ಕೆ ಔಷಧಿ, ಕೈಗೆ ಕಟ್ಟಲು ಒಂದು ಪಟ್ಟಿ, ಬೆರಳು ಬಿಡಿಸುವ ವ್ಯಾಯಾಮ. ಜೊತೆಗೆ ಹೋಮ್‌ವರ್ಕ್: ತಾಟಿನಿಂದ ಶೇಂಗಾ ಎತ್ತಿ ಇನ್ನೊಬ್ಬರ ಬೊಗಸೆಗೆ ಹಾಕಬೇಕು. ಯಾರೂ ನೆರವಿಗೆ ಬರಬಾರದು. ಯಾರ ಬೊಗಸೆ? ಎಲ್ಲರೂ ನನ್ನತ್ತ ನೋಡಿದರು.

ಮೊದಮೊದಲು ಶೇಂಗಾ ಎಲ್ಲ ಕಪಾಟಿನ ಅಡಿಗೆ. "ಬೊಗಸಿ ನೆಟ್ಟಗ ಹಿಡಿ ಬೇ, ಕಾನ್ವೆಂಟ್ ಸಾಲಿ ಕಲತಾಕಿ" ಎಂದು ನನಗೇ ಬೈಗುಳ. "ನಿನ್ನ ಕೈಗೆ ಹೇಳು, ನನಗ್ಯಾಕ ಹೇಳ್ತಿ?" ಬಾಗಿಲಲ್ಲಿ ನಿಂತ ಅಜಿತನಿಗೆ ಒಳಗೆ ಬರದೆ ತಡೆದುಕೊಳ್ಳುವುದೇ ದೊಡ್ಡ ವ್ಯಾಯಾಮ. ಪಾಪ.

ಹೋದ ವಾರ ಮುನಿಗಳು ಅವರ ಬಾಗಿಲಿಗೆ ಬಂದರು. ನಾನು ಅಂಗಳದಲ್ಲೇ ನಿಂತು ಕಿಟಕಿಯಿಂದ ನೋಡಿದೆ. ಸೊಸೆ ಒಂದೊಂದೇ ತುತ್ತು ಇಡುತ್ತಿದ್ದಳು. ನಡುವೆ ಚಂಪಕ್ಕ ಬಂದಳು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡಿದ್ದಳು. ಕಿಟಕಿಯ ಈಚೆ ನನ್ನ ಬೊಗಸೆ ತಾನಾಗಿ ಮುಂದೆ ಬಂತು.

ಒಂದೇ ತುತ್ತು. ಬೀಳಲಿಲ್ಲ.

ಮುನಿಗಳು ಹೋದಮೇಲೆ ಅಜಿತ ಕಣ್ಣೊರೆಸಿಕೊಂಡು, "ಆತಲ್ಲ ಬೇ ಅವ್ವಾ, ಇನ್ನ ಕುಂದ್ರ" ಎಂದ.

"ಶನಿವಾರ ಜಮಖಂಡಿಗೆ ಗಾಡಿ ತಗಿ. ರೊಟ್ಟಿ ಬಡಿಯೂದು ಉಳದೈತಿ."

ನಿಮ್ಮ ಮನೆಯಲ್ಲೂ ಪ್ರೀತಿಯಿಂದ ಕೂರಿಸಿಟ್ಟವರು ಒಬ್ಬರಿರಬಹುದು. ಅವರಿಗೆ ಏನು ಮಾಡಬೇಕಂತಿದೆ ಎಂದು ಕೇಳಿದ್ದೀರಾ?