ಸೊನ್ನೆ ನಂಬರಿನ ಮನೆ

ಎಂಬತ್ತರ ದಶಕದ ಬಿಸಿಲಿಗೆ ಇಡೀ ಶಹಾಬಾದ ಬೇಯುತ್ತಿದ್ದಾಗ ನಾನೊಬ್ಬನೇ ನಡುಗುತ್ತಿದ್ದೆ. ಕಾರ್ಖಾನೆಯ ಕಂಪ್ಯೂಟರ್ ಕೋಣೆ ಅಷ್ಟು ತಣ್ಣಗಿತ್ತು. ಅಲ್ಲಿನ ನೊಣಗಳೂ ಸ್ವೆಟರ್ ಕೇಳುತ್ತಿದ್ದವು. ಅಲ್ಲಿ ಕೆಲಸಕ್ಕಿದ್ದ ಸೋದರಮಾವ ನನ್ನನ್ನು ಪರದೆಯ ಮುಂದೆ ಕೂಡಿಸಿ, "ಸೊನ್ನೆ ನಂಬರಿನ ಮನಿಯಿಂದ ಹಿಡಿದು ಇದರ ನೆನಪೆಲ್ಲಾ ನಿಂದೇ, ಅಳಿಯಾ" ಎಂದಿದ್ದ. ಯಂತ್ರದ ನೆನಪೆಂದರೆ ಸೊನ್ನೆಯಿಂದ ಸಾಲಾಗಿ ನಂಬರು ಹಾಕಿದ ಮನೆಗಳು; ಒಂದೊಂದು ಮನೆಯಲ್ಲಿ ಒಂದೊಂದೇ ಅಂಕಿ. ವಾಡಿ ಸ್ಟೇಷನ್ನಿನವರೆಗೂ ನಾನು ಡಂಗುರ ಹೊಡೆದೆ.

ನಂಬದ ಗೆಳೆಯನನ್ನು ಮುಂದಿನ ರವಿವಾರ ಕರೆದೊಯ್ದೆ. ಸೊನ್ನೆಯ ಮನೆಯಲ್ಲಿ ಐದನ್ನಿಟ್ಟು ಇಲ್ಲದ ಮೀಸೆ ತಿರುವಿದೆ. ಅವನು ಅದೇ ಯಂತ್ರದ ಪಕ್ಕದ ಪರದೆಯಲ್ಲಿ ಅದೇ ಸೊನ್ನೆಯ ಮನೆಗೆ ಏಳನ್ನು ನುಗ್ಗಿಸಿದ. ನೋಡಿದರೆ ನನ್ನ ಐದು ಐದೇ, ಅವನ ಏಳು ಏಳೇ!

"ಒಂದ ಮನ್ಯಾಗ ಇಬ್ರು ಹ್ಯಾಂಗ, ಮಾಮಾ?"

"ನೀವಿಬ್ರೂ ಇಲ್ಲಿ ಬೀಗರಲೇ, ಬಂದು ಹೋಗೋ ಮಂದಿ. ನೀವು ಸೊನ್ನೆ ಅಂದ್ರ, ನಡುವ ಕುಂತ ದೊಡ್ಡ ಪ್ರೋಗ್ರಾಮು ಒಬ್ಬೊಬ್ಬರಿಗೆ ಬ್ಯಾರೆ ಬ್ಯಾರೆ ಮನಿ ತೋರಸ್ತದ. ಖರೇ ಸೊನ್ನೆ ತನ್ನ ಹತ್ರಾನೇ ಇಟ್ಕೊಂಡದ."

"ಮತ್ತ ಎಲ್ಲಾ ನಿಂದೇ ಅಂದಿದ್ದಿ!"

"ಬೀಗರಿಗೆ 'ಮನಿ ನಿಮ್ದೇ ಅಂತ ತಿಳೀರಿ' ಅಂತೀವಿಲ್ಲೊ? ಅವರೇನು ಮನಿ ಕಾಗದ ಕೇಳ್ತಾರೇನು?"

ಗೆಳೆಯ ಹೊಟ್ಟೆ ಹಿಡಿದು ನಕ್ಕ. ನನ್ನ ಕಣ್ಣು ತುಂಬಿತು. ತಣ್ಣನೆ ಗಾಳಿಗೆ ಎಂದೆ. ಹೊರಗಿನವರಿಗೆ ಹೇಳುವ ಮಾತನ್ನು ಮಾವ ಸ್ವಂತ ಅಳಿಯನಿಗೆ ಹೇಳಿದ್ದ.

ಅಂದು ಮಧ್ಯಾಹ್ನ ಮಾವನ ಮನೆಯಲ್ಲಿ ಎಂದಿನಂತೆ ಅಡುಗೆಮನೆಗೆ ನುಗ್ಗಲಿಲ್ಲ. ಪಡಸಾಲೆಯಲ್ಲಿ ಕೂತು, ಊಟಕ್ಕೆ ಕರೆಯುವವರೆಗೂ ಕಾದೆ.